ಹನ್ನೊಂದು ರೈಟು: ರಾಯದುರ್ಗದಿಂದ ರತ್ನಗಿರಿಗೆ

ಬಳ್ಳಾರಿಯಿಂದ ರಾಯದುರ್ಗಕ್ಕೆ ಬಸ್ಸಿನಲ್ಲಿ ಸುಮಾರು ಐವತ್ತು ಕಿಲೋಮೀಟರು. ಏಪ್ರಿಲ್ ತಿಂಗಳ ಒಂದು ಗುರುವಾರ ಬೆಳಿಗ್ಗೆ ಆರೂಕಾಲಿಗೆ ನಾನು ಆಂಧ್ರದ ಬಸ್ಸು ಹತ್ತಿದಾಗ ಮನಸ್ಸು ಹಗುರವಾಗಿತ್ತು. ಇದನ್ನು ಮೊದಲೇ ಹೇಳಿಬಿಡಬೇಕು. ಆ ದಿನವನ್ನು ನೆನೆದಾಗಲೆಲ್ಲ ನನ್ನನ್ನು ಹೆಚ್ಚು ಚುಚ್ಚುವುದು ಆ ಹಗುರವೇ. ತೊಡೆಯ ಮೇಲೆ ಆರು ಖಾಲಿ ಬಾಟಲಿಗಳ ರಟ್ಟಿನ ಪೆಟ್ಟಿಗೆ ಇತ್ತು. ಚೀಲದಲ್ಲಿ ತಂಗಿಗೆಂದು ಒಂದು ಡಜನ್ ಮೂಸಂಬಿ ಇಟ್ಟುಕೊಂಡಿದ್ದೆ.

ತಂಗಿ ಎಂದರೆ ಚಿಕ್ಕಮ್ಮನ ಮಗಳು ಲಕ್ಷ್ಮೀದೇವಿ. ನಾವೆಲ್ಲ ದೇವಿ ಎನ್ನುತ್ತೇವೆ. ಮಡಕಶಿರಾ ಕಡೆಯ ರತ್ನಗಿರಿಯವಳು. ರಾಯದುರ್ಗದ ಎರ್ರಿಸ್ವಾಮಿಯನ್ನು ಮದುವೆಯಾಗಿ, ಗಂಡ ಹೆಂಡತಿ ಇಬ್ಬರೂ ಅಲ್ಲಿನ ಒಂದು ಜೀನ್ಸ್ ಯೂನಿಟ್ಟಿನಲ್ಲಿ ಕೆಲಸಕ್ಕಿದ್ದರು. ಅವನು ಹೊಲಿದ ಪ್ಯಾಂಟುಗಳನ್ನು ಪರೀಕ್ಷಿಸುವ ಚೆಕ್ಕರ್. ಅವಳು ದಾರದ ತುದಿ ಕತ್ತರಿಸುವವಳು, ಬಿಡುವಾದಾಗ ತೊಳೆಯುವ ಶೆಡ್ಡಿನಲ್ಲಿ ಒದ್ದೆ ಬಟ್ಟೆ ಎಳೆಯುವವಳು. ಮೂರು ವಾರದ ಕೆಳಗೆ ಕತ್ತರಿಯ ತುದಿ ಅವಳ ಬಲಗೈ ತೋರುಬೆರಳಿಗೆ ಚುಚ್ಚಿತ್ತು. ಬೆರಳು ಕೀವು ಕಟ್ಟಿತು, ಅಂಗೈ ಊದಿತು. ಮೆಡಿಕಲ್ ಶಾಪಿನಿಂದ ತಂದ ಎರಡು ಬಗೆಯ ಮಾತ್ರೆಗಳಿಗೂ ಅದು ಜಗ್ಗಲಿಲ್ಲ.

ನಾನು ಬಳ್ಳಾರಿಯ ಒಂದು ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಪಾಠ ಮಾಡುತ್ತೇನೆ. ಹಟ ಹಿಡಿದು ಆ ಕೀವನ್ನು ಬಳ್ಳಾರಿಯ ಲ್ಯಾಬಿಗೆ ಕೊಡಿಸಿದೆ. ಕೀವಿನ ಬ್ಯಾಕ್ಟೀರಿಯಾವನ್ನು ಬೆಳೆಸಿ, ಒಂದೊಂದು ಔಷಧವನ್ನೂ ಅದರ ಮೇಲೆ ಇಟ್ಟು ನೋಡಿ, ಯಾವುದಕ್ಕೆ ಅದು ಸಾಯುತ್ತದೆ, ಯಾವುದಕ್ಕೆ ಸಾಯುವುದಿಲ್ಲ ಎಂದು ಬರೆದು ಕೊಡುತ್ತಾರೆ. ಅಷ್ಟರಲ್ಲಿ ಎರ್ರಿಸ್ವಾಮಿ ಹೆಂಡತಿಯನ್ನು ತವರಿಗೆ ಬಿಟ್ಟು ಬಂದ. ಸೋಮವಾರ ರಿಪೋರ್ಟನ್ನು ರತ್ನಗಿರಿಗೆ ಒಯ್ಯಲು ಬಂದವನು ಬಳ್ಳಾರಿ ಬಸ್‌ಸ್ಟ್ಯಾಂಡಿನಿಂದ ನನಗೆ ಫೋನು ಮಾಡಿದ. ನಾನು ಪರೀಕ್ಷಾ ಕೊಠಡಿಯಲ್ಲಿದ್ದೆ.

"ಅಕ್ಕಾರ, ಹದಿನಾಕರಾಗ ಹನ್ನೊಂದು ರೈಟ್ ಐತ್ರಿ. ಮೂರಷ್ಟ ಸರಿ ಇಲ್ಲ" ಎಂದ.

ಹದಿನಾಲ್ಕು ಔಷಧಗಳಲ್ಲಿ ಹನ್ನೊಂದು ಕೆಲಸ ಮಾಡುತ್ತವೆ ಎಂದು ನಾನು ತಿಳಿದೆ. ಒಳ್ಳೆಯದಾಯಿತು, ಡಾಕ್ಟರಿಗೆ ತೋರಿಸಿ ಬೇಗ ಶುರುಮಾಡು ಎಂದು ಪಿಸುಗುಟ್ಟಿ ಫೋನಿಟ್ಟೆ. ಪ್ರಶ್ನೆಪತ್ರಿಕೆಯ ಹಿಂಬದಿಯಲ್ಲಿ 'ಹನ್ನೊಂದು ರೈಟು' ಎಂದು ಗೀಚಿಕೊಂಡದ್ದೂ ನೆನಪಿದೆ. ಬುಧವಾರ ಪರೀಕ್ಷೆ ಮುಗಿಯಿತು. ಗುರುವಾರ ಹೊರಟೆ. ದಾರಿಯಲ್ಲಿ ರಾಯದುರ್ಗದ ಯೂನಿಟ್ಟಿನ ಮೋರಿ ನೀರನ್ನು ತರಗತಿಗೆಂದು ತುಂಬಿಕೊಳ್ಳುವುದು, ಎರ್ರಿಸ್ವಾಮಿ ತನ್ನ ಮೇಜಿನ ಡ್ರಾದಲ್ಲಿ ಮರೆತಿದ್ದ ರೇಷನ್ ಕಾರ್ಡು ತೆಗೆದುಕೊಳ್ಳುವುದು, ಆಮೇಲೆ ತಂಗಿಯನ್ನು ನೋಡುವುದು, ಇದು ನನ್ನ ಯೋಜನೆ.

ಓಬಳಾಪುರ ದಾಟುವಾಗ ರಸ್ತೆಯ ಎರಡೂ ಬದಿ ಇನ್ನೂ ಕೆಂಪಾಗಿಯೇ ಇತ್ತು. ಜಾಲಿಗಿಡದ ಎಲೆಗಳ ಮೇಲೆ ಅದಿರಿನ ಧೂಳು ಕೂತಿತ್ತು. ಕಿಟಕಿ ಮುಚ್ಚಿದರೆ ಸೆಕೆ, ತೆರೆದರೆ ಹಲ್ಲಿನಲ್ಲಿ ಮಣ್ಣು. ಎಂಟಕ್ಕೆ ರಾಯದುರ್ಗ ಬಂತು. ಬೆಟ್ಟದ ಬಂಡೆಗಳು ಆಗಲೇ ಕಾಯತೊಡಗಿದ್ದವು. ಬಸ್‌ಸ್ಟ್ಯಾಂಡಿನ ಎದುರು ಮಂಡಕ್ಕಿಯ ಉಗ್ಗಾನಿ, ಮೆಣಸಿನಕಾಯಿ ಬಜ್ಜಿ ತಿಂದು ಎರಡು ಸಲ ಚಹಾ ಕುಡಿದೆ. ಅವಸರವೇ ಇರಲಿಲ್ಲ.

ಯೂನಿಟ್ಟಿನ ತೊಳೆಯುವ ಶೆಡ್ಡಿನ ಮೇಸ್ತ್ರಿ ಹೊನ್ನೂರ್ ಸಾಬ್. ಐವತ್ತು ದಾಟಿದ ಮನುಷ್ಯ, ಉಗುರುಗಳು ಶಾಶ್ವತವಾಗಿ ನೀಲಿ. ಹಿಂದಿನ ವರ್ಷವೂ ನನಗೆ ನೀರು ತುಂಬಿಸಿಕೊಟ್ಟಿದ್ದ. "ಬರ್ರಿ ಮೇಡಮ್ಮಾರ, ಊರಾಗ ಮಂದಿ ನೀರಿಲ್ಲ ಅಂತ ಅಳತಾರ, ನೀವು ಮೋರಿ ನೀರಿಗೆ ಬಸ್ ಚಾರ್ಜ್ ಕೊಟ್ಟು ಬರತೀರಿ" ಎಂದು ನಕ್ಕ. ಶೆಡ್ಡಿನಲ್ಲಿ ಪ್ಯಾಂಟುಗಳು ತೂತುತೂತಾದ ಹಗುರ ಕಲ್ಲುಗಳ ಜೊತೆ ಉರುಳುತ್ತಿದ್ದವು. ಹೊಸ ಬಟ್ಟೆಯನ್ನು ಹಳತಾಗಿಸುವ ಕೆಲಸ ಅದು. ಬ್ಲೀಚು ಹಾಕಿದ ತೊಟ್ಟಿಯಿಂದ ಕಣ್ಣು ಉರಿಯುವ ವಾಸನೆ ಬರುತ್ತಿತ್ತು. ಒಬ್ಬ ಹೆಂಗಸು ಕೈಯ ತರಚು ಗಾಯವನ್ನು ಆ ತೊಟ್ಟಿಯ ಕೊನೆಯ ತಿಳಿನೀರಿನಲ್ಲಿ ಅದ್ದಿ ತೆಗೆದಳು. ಯಾಕೆ ಎಂದು ಕೇಳಿದೆ. ಇಂಥ ಗಟ್ಟಿ ನೀಲಿಯನ್ನೇ ತಿನ್ನುವ ನೀರಿಗೆ ಹುಳ ಉಳಿಯುತ್ತದೆಯೇ ಎಂದು ಮರುಪ್ರಶ್ನೆ ಹಾಕಿದಳು. ಎಲ್ಲರೂ ಹಾಗೆಯೇ ಮಾಡುತ್ತಾರಂತೆ. ದೇವಿಯೂ ಮಾಡಿದ್ದಳಂತೆ.

ನಾನು ಮೋರಿಯ ಬದಿಗೆ ಕುಕ್ಕರಗಾಲಿನಲ್ಲಿ ಕೂತು ಬಾಟಲಿ ತುಂಬಿಸುತ್ತಾ ಹೊನ್ನೂರ್ ಸಾಬನಿಗೆ ಹೇಳಿದೆ. ಗಟ್ಟಿ ಬ್ಲೀಚು ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ತೆಳುವಾದ ಬ್ಲೀಚು ಕೊಲ್ಲುವುದಿಲ್ಲ, ಕಾಡುತ್ತದೆ. ಉಪ್ಪು, ಬಣ್ಣ, ಬಿಸಿಲಿಗೆ ಕಾದ ನೀರು, ತಿನ್ನಲು ಏನೂ ಇಲ್ಲದ ಸ್ಥಿತಿ, ಎಲ್ಲವೂ ಕಾಡುತ್ತವೆ. ಕಾಡಿಸಿಕೊಂಡು ಬದುಕಿದ್ದು ಮನೆಯ ಬಾಗಿಲು ಕಿರಿದು ಮಾಡಿಕೊಳ್ಳುತ್ತದೆ, ಒಳಬಂದ ವಿಷವನ್ನು ಹೊರಕ್ಕೆ ತಳ್ಳುವ ಪಂಪುಗಳನ್ನು ಓಡಿಸುತ್ತದೆ, ಕೆಲವು ಸುಮ್ಮನೆ ಮಲಗಿಬಿಡುತ್ತವೆ. ಬ್ಲೀಚಿಗೆಂದು ಕಟ್ಟಿಕೊಂಡ ಆ ಕಾವಲೇ ಆಮೇಲೆ ಔಷಧವನ್ನೂ ತಡೆಯುತ್ತದೆ. ಹಿಂದಿನ ವರ್ಷ ನನ್ನ ವಿದ್ಯಾರ್ಥಿಗಳ ಪ್ರಯೋಗದ ಗಾಜಿನ ತಟ್ಟೆಯಲ್ಲಿ ಬಾವಿನೀರಿನ ಬ್ಯಾಕ್ಟೀರಿಯಾ ಔಷಧದ ಬಿಲ್ಲೆಯ ಸುತ್ತ ಸತ್ತು ದುಂಡಗೆ ಖಾಲಿ ಜಾಗ ಬಿಟ್ಟಿತ್ತು. ಈ ಮೋರಿಯದು ಬಿಲ್ಲೆಯ ಅಂಚಿನವರೆಗೂ ಬೆಳೆದಿತ್ತು.

"ಅಂದ್ರ ನಾವು ಪ್ಯಾಂಟ್ ಹಳೇದು ಮಾಡಾಕ ಹೋಗಿ ಹುಳಾನ ಪೈಲ್ವಾನ್ ಮಾಡೀವಿ ಅನ್ರಿ" ಎಂದ ಹೊನ್ನೂರ್ ಸಾಬ್.

ಪಾಠವನ್ನು ಇಷ್ಟು ಚೆನ್ನಾಗಿ ಯಾವ ವಿದ್ಯಾರ್ಥಿಯೂ ಒಪ್ಪಿಸಿರಲಿಲ್ಲ. ಖುಷಿಯಾಗಿ ಪೆಟ್ಟಿಗೆ ಎತ್ತಿಕೊಂಡು ಅವನ ಹಿಂದೆ ಎರ್ರಿಸ್ವಾಮಿಯ ಮೇಜಿಗೆ ಹೋದೆ.

ಮೇಜಿನ ಮೇಲೆ ಪ್ಯಾಂಟುಗಳ ಎರಡು ರಾಶಿ. ಎಲ್ಲದರ ಸೊಂಟಪಟ್ಟಿಯ ಒಳಗೆ ಬಿಳಿ ಚಾಕ್‌ಪೀಸಿನಲ್ಲಿ ಇಂಗ್ಲಿಷಿನ ಒಂದೊಂದು ಅಕ್ಷರ. ದೊಡ್ಡ ರಾಶಿಯಲ್ಲಿ ಆರ್, ಸಣ್ಣ ರಾಶಿಯಲ್ಲಿ ಎಸ್. ನಾನು ಡ್ರಾ ಎಳೆಯುತ್ತಾ, ಏನೋ ಕೇಳಬೇಕೆಂದು ಕೇಳಿದೆ.

"ಆರ್ ಅಂದ್ರ ರೈಟ್ ರೀ" ಎಂದ ಹೊನ್ನೂರ್ ಸಾಬ್. "ಎಸ್ ಅಂದ್ರ ಸೆಕೆಂಡ್ಸು. ಹೊಲಿಗಿ ಸೊಟ್ಟ, ಬಣ್ಣ ಕಲಿ. ಅವು ಸಂತಿಗೆ ಹೋಕ್ಕಾವ. ನಿಮ್ಮ ಎರ್ರಿಸ್ವಾಮಿ ಕಣ್ಣು ಭಾಳ ಚುರುಕ್ರಿ, ಹತ್ತು ವರ್ಷದಾಗ ಒಂದು ಮಾರ್ಕ್ ತಪ್ಪಿಲ್ಲ."

ರೇಷನ್ ಕಾರ್ಡು ನನ್ನ ಕೈಯಲ್ಲಿತ್ತು. ಲ್ಯಾಬಿನ ರಿಪೋರ್ಟಿನಲ್ಲಿ ಪ್ರತಿ ಔಷಧದ ಮುಂದೆ ಬರೆಯುವುದೂ ಇದೇ ಎರಡು ಅಕ್ಷರ. ಅಲ್ಲಿ ಆರ್ ಎಂದರೆ ರೆಸಿಸ್ಟೆಂಟ್, ಬ್ಯಾಕ್ಟೀರಿಯಾ ಈ ಔಷಧಕ್ಕೆ ಜಗ್ಗುವುದಿಲ್ಲ. ಎಸ್ ಎಂದರೆ ಸೆನ್ಸಿಟಿವ್, ಇದಕ್ಕೆ ಸಾಯುತ್ತದೆ. ಹನ್ನೊಂದು ರೈಟ್ ಎಂದರೆ ಹನ್ನೊಂದು ಆರ್. ದೇವಿಯ ಬೆರಳಿನಲ್ಲಿದ್ದುದು ಹನ್ನೊಂದು ಔಷಧಗಳನ್ನು ಗೆದ್ದದ್ದು. ಎರ್ರಿಸ್ವಾಮಿ ಆ ಹನ್ನೊಂದರಲ್ಲಿ ಒಂದನ್ನು ಆರಿಸಿ ಸೋಮವಾರದಿಂದ ಕೊಡುತ್ತಿರಬೇಕು. ಅಂದು ಗುರುವಾರ.

ಫೋನು ಮಾಡಿದೆ. ಸ್ವಿಚ್ ಆಫ್. ಮತ್ತೆ ಮಾಡಿದೆ. ಚಿಕ್ಕಮ್ಮನಿಗೆ ಫೋನಿಲ್ಲ. ಆ ಊರಿನಲ್ಲಿ ಬೇರೆ ಯಾರ ನಂಬರೂ ನನ್ನ ಬಳಿ ಇರಲಿಲ್ಲ. ಬಾಟಲಿಗಳ ಪೆಟ್ಟಿಗೆಯನ್ನು ಆ ಮೇಜಿನ ಮೇಲೆಯೇ ಬಿಟ್ಟು ಹೊರಟೆ. ಹೊನ್ನೂರ್ ಸಾಬ್ ತನ್ನ ಲೂನಾದ ಮೇಲೆ ನನ್ನನ್ನು ಬಸ್‌ಸ್ಟ್ಯಾಂಡಿಗೆ ಬಿಟ್ಟ.

ರಾಯದುರ್ಗದಿಂದ ಕಲ್ಯಾಣದುರ್ಗಕ್ಕೆ ಸುಮಾರು ನಲವತ್ತು ಕಿಲೋಮೀಟರು. ಅಲ್ಲಿ ಬಸ್ಸು ಬದಲಿಸಿ ಕಂಬದೂರಿನ ಮೇಲೆ ಪಾವಗಡ, ಅಲ್ಲಿಂದ ಮಡಕಶಿರಾ. ನಕ್ಷೆಯಲ್ಲಿ ಒಂದು ಗೇಣು. ಅಂದು ಅದಕ್ಕೆ ಆರು ತಾಸು ಹಿಡಿಯಿತು. ಮೊದಲ ಬಸ್ಸು ಪ್ರತಿ ಹಳ್ಳಿಗೂ ನಿಂತಿತು. ಚಾಲಕ ಒಂದು ಕಡೆ ಇಳಿದು ನಿಧಾನವಾಗಿ ಎಂಜಿನ್ನಿಗೆ ನೀರು ಹಾಕಿದ. ಯಾರಿಗೂ ಅವಸರವಿರಲಿಲ್ಲ, ಎರಡು ಗಂಟೆ ಮೊದಲು ನನಗೂ ಇರಲಿಲ್ಲ.

ಪಕ್ಕದಲ್ಲಿ ಕಂಬಳಿ ಹೊದ್ದ ಕುರಿಗಾಹಿಯೊಬ್ಬ ಕೂತಿದ್ದ. ಜೇಬಿನಿಂದ ಅರ್ಧ ಖಾಲಿಯಾದ ಮಾತ್ರೆಯ ಹಾಳೆ ತೆಗೆದು, ಇದರ ತಾರೀಖು ಮುಗಿದಿದೆಯೇ ನೋಡಿ ಎಂದು ಕೊಟ್ಟ. ಕೆಂಪು ಕಪ್ಪು ಬಣ್ಣದ ಕ್ಯಾಪ್ಸೂಲುಗಳು. ಯಾರಿಗೆ ಎಂದು ಕೇಳಿದೆ. ಎರಡು ನನಗೆ, ಮೂರು ಕುರಿಗೆ, ಉಳಿದದ್ದನ್ನು ಬಿಚ್ಚಿ ಪುಡಿಯನ್ನು ಗಾಯಕ್ಕೆ ಉದುರಿಸುತ್ತೇನೆ ಎಂದ.

"ಕುರಿಗೆ ಕೆಮ್ಮು ನಿಲ್ತು. ನನಗ ನಿಂತಿಲ್ಲ ನೋಡವ್ವ" ಎಂದು ಅವನು ನಕ್ಕಾಗ ಹಿಂದಿನ ಸೀಟಿನವರೂ ನಕ್ಕರು. ಬೇರೆ ದಿನವಾಗಿದ್ದರೆ ಅವನಿಗೆ ಪೂರ್ತಿ ಒಂದು ಪಾಠ ಮಾಡುತ್ತಿದ್ದೆ. ಅಂದು ಹಾಳೆಯನ್ನು ಮಡಚಿ ವಾಪಸು ಕೊಟ್ಟೆ. ಪಾಠ ಗೊತ್ತಿದ್ದ ನಾನು ಯಾವ ಅಕ್ಷರ ಎಂಬ ಒಂದು ಪ್ರಶ್ನೆ ಕೇಳದೆ ಫೋನಿಟ್ಟಿದ್ದೆ.

ಕಂಬದೂರು ದಾಟಿದ ಮೇಲೆ ರಸ್ತೆಬದಿಯ ಫಲಕಗಳು ಯಾವಾಗ ತೆಲುಗಿನಿಂದ ಕನ್ನಡಕ್ಕೆ ತಿರುಗಿದವೋ ನೋಡಲಿಲ್ಲ. ಪಾವಗಡದಲ್ಲಿ ಒಂದೂವರೆಯ ಬಿಸಿಲು ತಗಡಿನಂತೆ ಹೊಳೆಯುತ್ತಿತ್ತು. ಊಟದ ಹೋಟೆಲಿನವರೆಗೆ ಹೋಗಿ, ತಿನ್ನಲಾರದೆ ಮಜ್ಜಿಗೆ ಕುಡಿದು ಬಂದೆ. ಮಡಕಶಿರಾ ಬಸ್ಸಿನಲ್ಲಿ ಮತ್ತೆ ತೆಲುಗು ಫಲಕಗಳು. ಕಿಟಕಿಯಾಚೆ ಉಳುಮೆಯಾಗಿ ಮಳೆಗೆ ಕಾದಿದ್ದ ಕಡಲೆಕಾಯಿ ಹೊಲಗಳು, ನಡುನಡುವೆ ಬಾವಿ ಇದ್ದ ಕಡೆ ಹಿಪ್ಪುನೇರಳೆಯ ಹಸಿರು ತುಂಡು. ರಾಯದುರ್ಗದಲ್ಲಿ ಶೇಂಗಾ ಎನ್ನುವ ಬೆಳೆ ಇಲ್ಲಿ ಕಡಲೆಕಾಯಿ ಆಗುತ್ತದೆ. ಒಂದೇ ಕಾಳಿಗೆ ಎರಡು ಹೆಸರು, ಅದರಿಂದ ಯಾರಿಗೂ ಅಪಾಯವಿಲ್ಲ. ಒಂದೇ ಅಕ್ಷರಕ್ಕೆ ಎರಡು ಅರ್ಥವಾದರೆ ಏನಾಗುತ್ತದೆ ಎಂಬುದನ್ನೇ ಯೋಚಿಸುತ್ತಾ ಕೂತೆ.

ಮಡಕಶಿರಾದಿಂದ ರೊಳ್ಳದ ಮೇಲೆ ರತ್ನಗಿರಿಗೆ ಆಟೋ ಮಾಡಿಕೊಂಡೆ. ಐದು ಗಂಟೆಗೆ ಬೆಟ್ಟದ ಮೇಲಿನ ಕೋಟೆಗೋಡೆ ಕಂಡಿತು. ಚಿಕ್ಕವಳಿದ್ದಾಗ ಬೇಸಿಗೆ ರಜೆಗೆ ಬಂದು ದೇವಿಯೂ ನಾನೂ ಆ ಗೋಡೆಯ ಮೇಲೆ ಕಾಲು ಇಳಿಬಿಟ್ಟು ಕೂರುತ್ತಿದ್ದೆವು.

ಚಿಕ್ಕಮ್ಮ ಅಂಗಳದಲ್ಲಿ ಹಿಪ್ಪುನೇರಳೆ ಸೊಪ್ಪು ಹರಡುತ್ತಿದ್ದರು. ದೇವಿ ಜಗಲಿಯ ಮಂಚದ ಮೇಲೆ ಗೋಡೆಗೆ ಒರಗಿದ್ದಳು. ಕಣ್ಣು ಹೊಳೆಯುತ್ತಿದ್ದವು, ಜ್ವರದ ಹೊಳಪು. "ಬಾರಕ್ಕ, ಮೂಸಂಬಿ ತಂದ್ಯಾ? ನನ್ ಗಂಡ ಬರೀ ಮಾತ್ರೇಲೇ ಹೊಟ್ಟೆ ತುಂಬಿಸ್ತಾವ್ನೆ" ಎಂದಳು. ಅವಳ ಸೆರಗು ಸರಿಸಿ ಕೈ ನೋಡಿದೆ. ಬೆರಳ ತುದಿ ಕಪ್ಪಾಗಿತ್ತು. ಮುಂಗೈಯಿಂದ ಮೊಣಕೈಯವರೆಗೆ ಚರ್ಮದ ಕೆಳಗೆ ಒಂದು ಕೆಂಪು ಗೆರೆ ಏರಿತ್ತು. ನಿನ್ನೆ ಅದು ಮಣಿಕಟ್ಟಿನಲ್ಲೇ ಇತ್ತು ಎಂದರು ಚಿಕ್ಕಮ್ಮ.

ಎರ್ರಿಸ್ವಾಮಿ ರಿಪೋರ್ಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟಿದ್ದ. ಹದಿನಾಲ್ಕು ಹೆಸರು, ಹನ್ನೊಂದು ಆರ್, ಕೊನೆಗೆ ಮೂರು ಎಸ್. ಮೂರೂ ಇಂಜೆಕ್ಷನ್ನುಗಳು. ಒಂದು ಆರ್ ಮುಂದಿನ ಹೆಸರಿಗೆ ಚಾಕಿನ ಗೆರೆ ಎಳೆದಿತ್ತು. ಡಾಕ್ಟರಿಗೆ ಯಾಕೆ ತೋರಿಸಲಿಲ್ಲ ಎಂದೆ. ಲ್ಯಾಬಿನವರೇ ಚೆಕ್ ಮಾಡಿ ಮಾರ್ಕು ಹಾಕಿ ಕೊಟ್ಟ ಮೇಲೆ ಮತ್ತೆ ಯಾರನ್ನು ಕೇಳುವುದು ಎಂದುಕೊಂಡನಂತೆ. ಮೆಡಿಕಲ್ ಶಾಪಿನಲ್ಲಿ ಆ ಹೆಸರಿನ ಮೇಲೆ ಬೆರಳಿಟ್ಟು, ಇರುವುದರಲ್ಲಿ ದುಬಾರಿಯದನ್ನೇ ಕೇಳಿ ತಂದಿದ್ದ.

ನಾನು ಎರಡೂ ಅಕ್ಷರಗಳ ಅರ್ಥ ಹೇಳಿದೆ. ಅವನು ಕಾಗದದ ಒಂದೊಂದು ಆರ್ ಮೇಲೂ ಬೆರಳು ಇಡುತ್ತಾ ಹೋದ.

"ನಾವು ಜೀವಮಾನ ಪೂರಾ ಸೆಕೆಂಡ್ಸ ಉಟ್ಟೀವ್ರಿ ಅಕ್ಕಾರ" ಎಂದ. "ಈಕಿಗೆ ಔಷಧನಾರ ರೈಟ್ ಇರ್ಲಿ ಅಂತ ಮಾಡಿದೆ."

ದೇವಿ ಗಂಡನ ಕಡೆ ನೋಡಿ, ಎಡಗೈಯಲ್ಲಿ ಅವನ ಅಂಗಿಯ ತುದಿ ಹಿಡಿದುಕೊಂಡಳು.

ಪಕ್ಕದ ಮನೆಯವರ ರೇಷ್ಮೆಗೂಡು ಸಾಗಿಸುವ ಗಾಡಿಯಲ್ಲಿ ಹೊರಟೆವು. ಮಡಕಶಿರಾದ ಆಸ್ಪತ್ರೆಯ ಡಾಕ್ಟರು ರಿಪೋರ್ಟ್ ನೋಡಿ, ಗ್ಲೂಕೋಸ್ ಹಾಕಿ, ಈ ಇಂಜೆಕ್ಷನ್ ಇಲ್ಲಿ ಸಿಗದು, ನಿಲ್ಲದೆ ಹಿಂದೂಪುರಕ್ಕೆ ಹೋಗಿ ಎಂದರು. ಆ ಮೂವತ್ತೈದು ಕಿಲೋಮೀಟರಿನ ಬಗ್ಗೆ ನನ್ನಲ್ಲಿ ಬರೆಯಲು ಹೆಚ್ಚಿಲ್ಲ. ಗಾಡಿಯಲ್ಲಿ ಗೂಡಿನ ಹಸಿ ವಾಸನೆ ಇತ್ತು. ದೇವಿ ನಡುಗುತ್ತಿದ್ದಳು. ನಾನು ಅವಳ ತೋಳಿನ ಮೇಲೆ ಕೆಂಪು ಗೆರೆಯ ತುದಿಗೆ ಪೆನ್ನಿನಲ್ಲಿ ಒಂದು ಗುರುತು ಹಾಕಿ, ಆ ಗುರುತನ್ನೇ ನೋಡುತ್ತಾ ಕೂತಿದ್ದೆ. ಹಿಂದೂಪುರದಲ್ಲಿ ಗಾಡಿ ನಿಂತಾಗ ಗೆರೆ ಗುರುತನ್ನು ಎರಡು ಬೆರಳಿನಷ್ಟು ದಾಟಿತ್ತು. ಎಸ್ ಎಂದು ಬರೆದ ಮೂರರಲ್ಲಿ ಮೊದಲನೆಯ ಇಂಜೆಕ್ಷನ್ ಅಲ್ಲಿ ಇತ್ತು. ರಾತ್ರಿ ಊಟದ ಹೊತ್ತಿಗೆ ಅದು ಅವಳ ನರ ಸೇರಿತು.

ಶುಕ್ರವಾರ ಜ್ವರ ಇಳಿಯಲಿಲ್ಲ. ಶನಿವಾರ ಬೆರಳಿನ ತುದಿಯ ಗೆಣ್ಣು ತೆಗೆದರು. ಭಾನುವಾರ ಬೆಳಿಗ್ಗೆ ಕೆಂಪು ಗೆರೆ ನನ್ನ ಪೆನ್ನಿನ ಗುರುತಿಗಿಂತ ಕೆಳಗಿತ್ತು. ಆ ಜಾಗವನ್ನು ಚಿಕ್ಕಮ್ಮ ತಮ್ಮ ಬೆರಳಿನಿಂದ ಮುಟ್ಟಿ ನೋಡಿದರು. ದೇವಿ ಇಡ್ಲಿ ಕೇಳಿದಳು.

ಆ ಮಧ್ಯಾಹ್ನ ಆಸ್ಪತ್ರೆಯ ಬೇವಿನ ಮರದ ಕೆಳಗೆ ಚಿಕ್ಕಮ್ಮ ಮುದ್ದೆ, ಹುರುಳಿಸಾರು ಬಡಿಸುತ್ತಾ, ಅಷ್ಟೊಂದು ಮಾತ್ರೆಗೆ ಸಾಯದ್ದು ಅದೆಂಥ ಹುಳ ಎಂದು ಕೇಳಿದರು. ಹೊನ್ನೂರ್ ಸಾಬನಿಗೆ ಹೇಳಿದ್ದನ್ನೇ ಅವರಿಗೂ ಹೇಳಿದೆ. ದೇವಿಯ ಬೆರಳಿಗೆ ಅದು ಆ ಮೋರಿಯಿಂದಲೇ ಬಂತು ಎನ್ನಲು ನನ್ನಲ್ಲಿ ಪುರಾವೆಯಿಲ್ಲ, ಅರ್ಧಂಬರ್ಧ ನುಂಗಿದ ಮಾತ್ರೆಗಳಿಂದಲೂ ಆಗಿರಬಹುದು ಎಂದೆ. ಚಿಕ್ಕಮ್ಮ ತಲೆಯಾಡಿಸಿದರು.

"ಕಡ್ಲೆಕಾಯಿ ಗಿಡಾನ ಬಾಡಿಸ್ತೀವಲ್ಲ, ಹಂಗೆ ಕಣವ್ವ ಇದು" ಎಂದರು. "ಎಳೇದ್ರಾಗೆ ಸ್ವಲ್ಪ ದಿನ ನೀರು ನಿಲ್ಲಿಸಿದ್ರೆ ಬೇರು ಕೆಳೀಕೆ ಇಳೀತದೆ. ಆಮ್ಯಾಕೆ ಎಂಥಾ ಬಿಸಿಲಿಗೂ ಜಗ್ಗಲ್ಲ. ಸಾಯ ಅಷ್ಟು ಬಾಡಿಸಬಾರ್ದು, ಅದೇ ಲೆಕ್ಕ. ನೀವು ಹುಳಾನ ಲೆಕ್ಕವಾಗಿ ಬಾಡಿಸಿಬಿಟ್ರಿ."

ಬೆಳೆ ಉಳಿಸಲು ಕಲಿತ ಕಸುಬನ್ನು ನಾವೆಲ್ಲ ಗೊತ್ತಿಲ್ಲದೆ ಹುಳಕ್ಕೆ ಮಾಡಿದ್ದೆವು. ತೊಟ್ಟಿಯ ತೆಳು ಬ್ಲೀಚಿನಲ್ಲಿ ಬೆರಳು ಅದ್ದಿದವಳೂ, ಎರಡು ದಿನ ಮಾತ್ರೆ ನುಂಗಿ ಉಳಿದದ್ದನ್ನು ಎತ್ತಿಟ್ಟವರೂ. ಅಂದಿನಿಂದ ತರಗತಿಯಲ್ಲಿ ನಾನು 'ಬಾಡಿಸುವುದು' ಎಂಬ ಮಾತನ್ನೇ ಬಳಸುತ್ತೇನೆ.

ಮಂಗಳವಾರ ಹಿಂದಿರುಗಿದೆ. ಹಿಂದೂಪುರದಿಂದ ಬಳ್ಳಾರಿಗೆ ಸುತ್ತಿನ ದಾರಿಯಾದರೂ ರಾಯದುರ್ಗದಲ್ಲಿ ಇಳಿದೆ. ಎರ್ರಿಸ್ವಾಮಿ ಬೀಳ್ಕೊಡಲು ಹಿಂದೂಪುರದ ಬಸ್ಸಿನವರೆಗೆ ಬಂದಿದ್ದ. ಆಸ್ಪತ್ರೆಯಲ್ಲಿ ಪ್ರತಿ ಇಂಜೆಕ್ಷನ್ ಬಂದಾಗಲೂ ಅವನು ರಿಪೋರ್ಟ್ ತೆಗೆದು, ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಹೋಲಿಸಿ, ಎಸ್ ಎಂದು ಗಟ್ಟಿಯಾಗಿ ಓದುತ್ತಿದ್ದ. ನರ್ಸುಗಳು ಅವನಿಗೆ ಎಸ್ ಸ್ವಾಮಿ ಎಂದೇ ಹೆಸರಿಟ್ಟಿದ್ದರು.

ಯೂನಿಟ್ಟಿನಲ್ಲಿ ತೊಟ್ಟಿಯ ಪಕ್ಕ ಒಂದು ಡ್ರಮ್ಮು ಶುದ್ಧ ನೀರು, ಅದರ ಮೇಲೆ ಸೋಪಿನ ತುಂಡು ಇತ್ತು. ಅದು ಎಷ್ಟು ದಿನ ಇರುತ್ತದೋ ತಿಳಿಯದು. ಹೊನ್ನೂರ್ ಸಾಬ್ ಮೊದಲು ದೇವಿಯ ಸುದ್ದಿ ಕೇಳಿದ. ಆಮೇಲೆ ಎರ್ರಿಸ್ವಾಮಿಯ ಮೇಜಿನ ಕೆಳಗಿನಿಂದ ನನ್ನ ರಟ್ಟಿನ ಪೆಟ್ಟಿಗೆ ಎತ್ತಿದ. ಹಳೆಯ ನೀರು ನಾರುತ್ತಿತ್ತೆಂದು ಚೆಲ್ಲಿ, ಅಂದು ಬೆಳಿಗ್ಗೆಯೇ ಹೊಸದು ತುಂಬಿಸಿಟ್ಟಿದ್ದನಂತೆ. ನಾನು ಬರುತ್ತೇನೆಂದು ಫೋನಿನಲ್ಲಿ ಎರ್ರಿಸ್ವಾಮಿ ಹೇಳಿದ್ದ.

"ಆರೂ ಬಾಟ್ಲಿ ಮುಚ್ಚಳ ಬಿಗಿ ನೋಡೀನ್ರಿ. ಚೆಕ್ ಮಾಡಿ ಮಾರ್ಕ್ ಹಾಕೀನಿ" ಎಂದ.

ಪೆಟ್ಟಿಗೆಯ ಮೇಲೆ ಬಿಳಿ ಚಾಕಿನಲ್ಲಿ ದೊಡ್ಡದಾಗಿ ಆರ್ ಎಂದು ಬರೆದಿತ್ತು. ನಾನು ಅವನಿಗೆ ಕೈಮುಗಿದು ಹೊರಟೆ.

ಓಬಳಾಪುರದ ಹತ್ತಿರ ಬಸ್ಸು ಗುಂಡಿಗೆ ಇಳಿದಾಗಲೆಲ್ಲ ತೊಡೆಯ ಮೇಲೆ ಬಾಟಲಿಗಳು ಒಂದಕ್ಕೊಂದು ತಾಕುತ್ತಿದ್ದವು. ಆ ಅಕ್ಷರವನ್ನು ಅಳಿಸಬೇಕೆಂದು ಬೆರಳು ಇಟ್ಟೆ, ತುದಿಗೆ ಚಾಕಿನ ಪುಡಿ ಹತ್ತಿತು, ಅಷ್ಟಕ್ಕೇ ಬಿಟ್ಟೆ. ನೀರು ತುಂಬಿಸಿದವನ ಮಟ್ಟಿಗೆ ಅದು ನಿಜ. ನನ್ನ ಮಟ್ಟಿಗೆ, ಲ್ಯಾಬಿನ ಆರ್ ಆಗಿ, ಅದು ನಿಜವೋ ಅಲ್ಲವೋ ಎಂಬುದು ತಟ್ಟೆಗಳನ್ನು ಬೆಚ್ಚಗಿಟ್ಟು ಕಾದ ಮೇಲೆ ತಿಳಿಯುತ್ತದೆ. ಬೆರಳಿನ ಬಿಳಿ ಪುಡಿಯನ್ನು ಒರೆಸಿಕೊಳ್ಳದೆ, ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಕೂತೆ.